ಮೆಟ್ಟಿಲು ಯಾರ ವ್ಯಾಯಾಮ?

ಲಿಫ್ಟು ಬಿಡಿ, ಮೆಟ್ಟಿಲು ಹತ್ತಿ, ಹೃದಯ ಗಟ್ಟಿಯಾಗುತ್ತದೆ. ಡಾಕ್ಟರೂ ಹೇಳುತ್ತಾರೆ, ಆಫೀಸಿನ ಗೋಡೆಗೆ ಅಂಟಿಸಿದ ಚೀಟಿಯೂ ಹೇಳುತ್ತದೆ. ಮಾತು ಸುಳ್ಳಲ್ಲ. ಆದರೆ ಯಾರು ಯಾರಿಗೆ ಹೇಳುತ್ತಿದ್ದಾರೆ? ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ನಮ್ಮ ಕೇರಿಗಳವರು ಲಿಫ್ಟು ಬಿಡಬೇಕಾದರೆ ಮೊದಲು ಲಿಫ್ಟು ಇರಬೇಕಲ್ಲ! ಇಲ್ಲದ್ದನ್ನು ತ್ಯಾಗ ಮಾಡುವ ವಿದ್ಯೆ ನಮಗೆ ಬರುವುದಿಲ್ಲ.

ಹೊಗೆಸೊಪ್ಪು ಮುರಿಯುವ ಕಾಲಕ್ಕೆ ಈ ಸೀಮೆಗೆ ಬಂದು ನೋಡಿ. ಬ್ಯಾರನ್ನು ಎಂದರೆ ಎತ್ತರದ ಕತ್ತಲ ಕೋಣೆ. ಒಳಗೆ ಸೂರಿನವರೆಗೂ ಅಡ್ಡಮರಗಳ ಸಾಲು. ಆ ಮರಕ್ಕೊಂದು ಈ ಮರಕ್ಕೊಂದು ಕಾಲು ಕೊಟ್ಟು, ಕವಲಾಗಿ ನಿಂತು, ಕೆಳಗಿಂದ ಕೈಯಿಂದ ಕೈಗೆ ಬಂದ ಹಸಿಸೊಪ್ಪಿನ ಕಡ್ಡಿಗಳನ್ನು ಮೇಲೇರಿಸಿ ನೇತುಹಾಕಬೇಕು. ಒದ್ದೆ ಸೊಪ್ಪಿನ ನಿಕೋಟಿನ್ ಚರ್ಮದ ಮೂಲಕವೇ ಮೈಗಿಳಿಯುತ್ತದೆ, ತಲೆಸುತ್ತು, ವಾಂತಿ. ಇದಕ್ಕೆ ಯಾರೂ ವ್ಯಾಯಾಮ ಅನ್ನೋದಿಲ್ಲ, ಕೂಲಿ ಅಂತಾರೆ. ಭಾನುವಾರ ಕಾರಿನಲ್ಲಿ ಬಂದು ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ 3000ಕ್ಕೂ ಮಿಕ್ಕ ಮೆಟ್ಟಿಲು ಹತ್ತಿ ಬೆವರು ಒರೆಸಿಕೊಂಡರೆ ಅದು ಆರೋಗ್ಯ. ಅದೇ ತೊಡೆ, ಅದೇ ಮೊಣಕಾಲು, ಅದೇ ಏದುಸಿರು.

ಮೆಟ್ಟಿಲಿನ ಈ ಜ್ಞಾನ ಎಲ್ಲಿಂದ ಬಂತು ಗೊತ್ತೇ? 1953ರಲ್ಲಿ ಲಂಡನ್ನಿನ ಜೆರ್ರಿ ಮಾರಿಸ್ ಎಂಬ ವೈದ್ಯ ಮತ್ತು ಅವನ ಜೊತೆಗಾರರು ಸುಮಾರು 31,000 ಸಾರಿಗೆ ನೌಕರರ ಲೆಕ್ಕ ತೆಗೆದು ಪ್ರಕಟಿಸಿದರು. ಕೂತೇ ಬಸ್ಸು ಓಡಿಸುವ ಡ್ರೈವರಿಗಿಂತ, ಡಬಲ್ ಡೆಕ್ಕರಿನ ನೂರಾರು ಮೆಟ್ಟಿಲು ದಿನವೂ ಹತ್ತಿಳಿದು ಟಿಕೆಟ್ ಕೊಡುವ ಕಂಡಕ್ಟರಿಗೆ ಹೃದಯದ ಕಾಯಿಲೆ ಕಡಿಮೆ ಇತ್ತು. ದುಡಿಯುವವನ ಕಾಲಿನಿಂದ ಕಲಿತ ಪಾಠವನ್ನೇ ಈಗ ಜಿಮ್ಮಿನವರು ತಿಂಗಳ ಫೀಜಿಗೆ ಮಾರುತ್ತಿದ್ದಾರೆ.

ಹಾಗಾದರೆ ಕೂಲಿಯವರಿಗೆ ಹೃದಯದ ಕಾಯಿಲೆಯೇ ಬರಬಾರದಲ್ಲ ಎಂದು ನೀವು ಕೇಳಬಹುದು. 2021ರಲ್ಲಿ ಕೋಪನ್‌ಹೇಗನ್ನಿನ ಒಂದು ಲಕ್ಷಕ್ಕೂ ಹೆಚ್ಚು ಜನರ ಅಧ್ಯಯನ ಹೊರಬಂತು. ಬಿಡುವಿನಲ್ಲಿ ಮೈ ದಂಡಿಸಿದವರಿಗೆ ಹೃದಯದ ಅಪಾಯ ಕಡಿಮೆ, ಕೆಲಸದಲ್ಲಿ ಮೈ ಮುರಿದುಕೊಂಡವರಿಗೆ ಹೆಚ್ಚು. ವಿಜ್ಞಾನಿಗಳ ಜಗಳ ಇನ್ನೂ ಮುಗಿದಿಲ್ಲ. ನಮ್ಮವ್ವನಿಗೆ ಆ ಜಗಳ ಬೇಕಿಲ್ಲ. “ನಿಂತ್ಕಳವ ಅಂದಾಗ ನಿಂತ್ಕಳಂಗಿದ್ರೆ ತಾನೆ ಕನ್ ಮಗ, ಅದು ಮೈಗತ್ತೋದು” ಅಂತಾಳೆ. ಲಂಡನ್ನಿನ ಕಂಡಕ್ಟರಿಗೆ ಸಂಬಳವಿತ್ತು, ರಜೆಯಿತ್ತು, ಹಿಂದೆ ಕಾರ್ಮಿಕ ಸಂಘವಿತ್ತು. ಬ್ಯಾರನ್ನಿನ ಆಳಿಗೆ ಏನಿದೆ? ಸೊಪ್ಪು ಬಾಡುವ ಮೊದಲು ಏರಿಸಿ ಮುಗಿಸಬೇಕು, ಅಷ್ಟೆ.

1920ರ ಜನವರಿ 31ರ ‘ಮೂಕನಾಯಕ’ದ ಮೊದಲ ಸಂಚಿಕೆಯಲ್ಲಿ ಬಾಬಾಸಾಹೇಬರು ಹಿಂದೂ ಸಮಾಜವನ್ನು ಮೆಟ್ಟಿಲೇ ಇಲ್ಲದ ಗೋಪುರಕ್ಕೆ ಹೋಲಿಸಿದರು. ಹುಟ್ಟಿದ ಅಂತಸ್ತಿನಲ್ಲೇ ಸಾಯಬೇಕು. ನೂರು ವರ್ಷ ಕಳೆದು ಗೋಪುರಕ್ಕೆ ಲಿಫ್ಟು ಬಂದಿದೆ. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಎರಡು ಬಗೆ: ಒಂದು ಮನೆಯವರದು, ಇನ್ನೊಂದು ಕೆಲಸದವರದು, ಕಸದ್ದು. ಹೋಟೆಲಿನ ಎರಡು ಲೋಟ ನೆನಪಾಗುವುದಿಲ್ಲವೇ? ಪಾತ್ರೆ ತೊಳೆಯುವವಳು, ಊಟದ ಪೊಟ್ಟಣ ತರುವ ನಮ್ಮ ಕಡೆಯ ಹುಡುಗ, ಆ ಎರಡನೇ ಲಿಫ್ಟು ಕೆಟ್ಟರೆ ಮೆಟ್ಟಿಲೇ ಗತಿ. ಅದೇ ಮೆಟ್ಟಿಲನ್ನು ಮನೆಯವರು ಬೂಟು ಕಟ್ಟಿಕೊಂಡು, ಕೈಗಡಿಯಾರದಲ್ಲಿ ಹೆಜ್ಜೆ ಎಣಿಸಿಕೊಂಡು ಹತ್ತುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಪಕ್ಕದಲ್ಲೇ ಹತ್ತುತ್ತಿರುವವಳು ಅವರಿಗೆ ಕಾಣದಿದ್ದರೆ ಮಾತ್ರ ಸಿಟ್ಟು.

ಹಾಗಂತ ನಮ್ಮವರು ಮೆಟ್ಟಿಲಿಗೆ ಬೆನ್ನು ಹಾಕಿ ಕೂರಬೇಕು ಅಂತಲ್ಲ. ಓದಿ ಕುರ್ಚಿ ಹಿಡಿದ ನಮ್ಮ ಮೊದಲ ತಲೆಮಾರಿಗೂ ಸಕ್ಕರೆ ಕಾಯಿಲೆ ಬಂದಿದೆ, ಬಿಪಿ ಬಂದಿದೆ. ಅಪ್ಪ ದುಡಿದು ಸತ್ತದ್ದಕ್ಕೆ ಸೇಡು ತೀರಿಸಿಕೊಳ್ಳುವ ಹಾಗೆ ನಾವು ಕೂತೇ ಇರುತ್ತೇವೆ. ಮೈ ಬಗ್ಗಿಸಿದರೆ ಎಲ್ಲಿ ಮತ್ತೆ ಜೀತದವನ ಹಾಗೆ ಕಾಣುತ್ತೇವೋ ಎಂಬ ಹೆದರಿಕೆ. ಹೆದರಿಕೆಗೆ ಕಾರಣವಿದೆ. ಆದರೂ ಬಿಡಬೇಕು. ದಣಿಯ ಕೂಗಿಗಲ್ಲದೆ, ನಮ್ಮ ಖುಷಿಗೇ ಒಮ್ಮೆ ಬೆವರುವುದು ಹೇಗಿರುತ್ತದೆ ಅಂತ ನಮಗೂ ಗೊತ್ತಾಗಲಿ.

ಇನ್ನು ಹತ್ತಲಾರದವರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ನಿಯಮಗಳು ಬಂದ ಐದು ವರ್ಷದೊಳಗೆ ಸಾರ್ವಜನಿಕ ಕಟ್ಟಡಗಳೆಲ್ಲ ಅವರಿಗೂ ಸಲೀಸಾಗಬೇಕು ಎಂದಿತು. ನಿಯಮ ಬಂದದ್ದು 2017ರಲ್ಲಿ. ಗಡುವು 2022ಕ್ಕೇ ಮುಗಿಯಿತು. ಪಿಂಚಣಿ ಅರ್ಜಿ ಹಿಡಿದ ಮುದುಕಿ ಕಂಬಿ ಹಿಡಕೊಂಡು ಮೇಲಿನ ಮಹಡಿಗೆ ಹತ್ತುವ ಕಚೇರಿಗಳು ಈಗಲೂ ಇವೆ. ಹತ್ತಿದ ಮೇಲೆ ‘ಸಾಹೇಬ್ರಿಲ್ಲ, ನಾಳೆ ಬಾ’. ಲಿಫ್ಟಿಗೆ ದುಡ್ಡಿಲ್ಲ ಅನ್ನುವುದಾದರೆ ಅರ್ಜಿ ತಗೊಳ್ಳೋ ಮೇಜು ಕೆಳಗಿಳಿಯಲಿ. ಸಹಿ ಬೇಕಾದಾಗ ಸಾಹೇಬರೇ ಇಳಿದು ಬರಲಿ, ಹತ್ತಿ ಹೋಗಲಿ. ಮೆಟ್ಟಿಲು ಹೃದಯಕ್ಕೆ ಒಳ್ಳೇದು ಅಂತ ಗೋಡೆಗೆ ಚೀಟಿ ಅಂಟಿಸಿದವರು ಅವರೇ ತಾನೆ?