ಅರ್ಧ ಗುಣವಾದವರ ಪಕ್ಕದಲ್ಲಿ

ಕೂತ್ಕೊಳ್ಳಿ. ಮಾರ್ಕನ ಸುವಾರ್ತೆ 8ನೇ ಅಧ್ಯಾಯ, 22ರಿಂದ 25ನೇ ವಚನ ತೆಗೆದಿಟ್ಟುಕೊಳ್ಳಿ. ಅಲ್ಲಿಗೆ ಬರ್ತೀನಿ. ಅದಕ್ಕೂ ಮೊದಲು ಇವತ್ತು ಮಂಡಿಯ ವಿಷಯ ಮಾತಾಡೋಣ.

ನಗಬೇಡಿ. ನಿಮ್ಮಲ್ಲಿ ಹೆಚ್ಚಿನವರ ಮಂಡಿ ಚೆನ್ನಾಗಿದೆ, ದೇವರಿಗೆ ಸ್ತೋತ್ರ. ಆದರೆ ನಿಮ್ಮ ಅಮ್ಮನ ಮಂಡಿ? ಅಜ್ಜಿಯದು? ಮಂಡಿ ಸವೆದು, ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ನಿಲ್ಲುವವರು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. ಅವರಿಗೆ ಒಂದು ದಿನ ಡಾಕ್ಟರ್ ಹೇಳ್ತಾರೆ: ಮಂಡಿ ಬದಲಾಯಿಸಬೇಕು, ಚಿಕ್ಕ ಗಾಯದಲ್ಲೇ ಮಾಡಬಹುದು. ಮಿನಿಮಲಿ ಇನ್ವೇಸಿವ್ ಅಂತಾರಲ್ಲ, ಅದು. ಮನೆಯವರಿಗೆಲ್ಲ ಸಮಾಧಾನ. ಚಿಕ್ಕ ಗಾಯ ಅಂದ್ರೆ ಬೇಗ ಮುಗಿಯುತ್ತೆ ಅಂತ ಮಗ ಮೂರು ದಿನ ರಜೆ ಹಾಕ್ತಾನೆ.

ಗಾಯ ಚಿಕ್ಕದು ಅನ್ನೋದು ನಿಜ. ಸಾಮಾನ್ಯ ಆಪರೇಷನ್‌ನಲ್ಲಿ ಸುಮಾರು 8ರಿಂದ 10 ಇಂಚು ಕೊಯ್ಯುವ ಕಡೆ ಇಲ್ಲಿ 4ರಿಂದ 6 ಇಂಚು. ತೊಡೆಯ ಮುಂಭಾಗದ ಸ್ನಾಯುವಿಗೆ ಆಗುವ ಪೆಟ್ಟೂ ಕಡಿಮೆ. ಅದೇ ದಿನ ಅಥವಾ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸ್ತಾರೆ. ಆದರೆ ಒಳಗೆ ನಡೆಯೋ ಕೆಲಸ ಅದೇ. ಮೂಳೆಯ ತುದಿಗಳನ್ನು ಕತ್ತರಿಸಿ, ಲೋಹದ ಭಾಗ ಕೂರಿಸಿ, ನಡುವೆ ಪ್ಲಾಸ್ಟಿಕ್ ಇಡ್ತಾರೆ. ಚರ್ಮದ ಹೊಲಿಗೆ ಎರಡು ಮೂರು ವಾರದಲ್ಲಿ ಒಣಗುತ್ತೆ. ಊತ ಇಳಿಯೋಕೆ ತಿಂಗಳುಗಳು ಬೇಕು. ಪೂರ್ತಿ ಬಲ ಬರೋಕೆ ಕೆಲವರಿಗೆ ಒಂದು ವರ್ಷವೇ ಆಗಬಹುದು.

ಇವತ್ತಿನ ಪ್ರಶ್ನೆ ಇದು, ಪ್ರಿಯರೇ. ರೋಗಿಯೂ ಅಲ್ಲದ, ಪೂರ್ತಿ ಗುಣವೂ ಆಗದ ಈ ಮಧ್ಯದ ಕಾಲದಲ್ಲಿ ಇರೋರನ್ನು ಪ್ರೀತಿಸೋದು ಅಂದ್ರೆ ಏನು? ಇಲ್ಲಿ ನಾವು ಎರಡು ರೀತಿಯಲ್ಲಿ ದಾರಿ ತಪ್ಪಬಹುದು.

ಮೊದಲನೆಯದು ಅವಸರ. "ಅಮ್ಮಾ, ಪಕ್ಕದ ಮನೆ ಆಂಟಿ ಒಂದೇ ತಿಂಗಳಲ್ಲಿ ಮಾರ್ಕೆಟ್‌ಗೆ ಹೋಗಿ ಬಂದ್ರು, ನೀವು ಇನ್ನೂ ವಾಕರ್ ಹಿಡ್ಕೊಂಡೇ ಇದೀರಲ್ಲ?" ಕೇಳೋಕೆ ಪ್ರೋತ್ಸಾಹದ ಹಾಗಿದೆ. ಸಭೆಯಲ್ಲಿ ಇದೇ ಅವಸರ ಭಕ್ತಿಯ ಮಾತಾಗಿ ಬರುತ್ತೆ. "ವಿಶ್ವಾಸ ಇಡಿ ಆಂಟಿ, ವಾಕರ್ ಬಿಟ್ಟುಬಿಡಿ. ಮಾತ್ರೆ ಯಾಕೆ? ಮುಂದಿನ ಭಾನುವಾರ ಸಾಕ್ಷಿ ಹೇಳಿ." ಸ್ವಲ್ಪ ಯೋಚಿಸಿ. ಬಲ ಬರದ ಕಾಲಲ್ಲಿ ವಾಕರ್ ಬಿಟ್ಟು ಬಿದ್ದರೆ ಹೊಸ ಮಂಡಿಗೇ ಅಪಾಯ. ಡಾಕ್ಟರ್ ಕೊಟ್ಟ ನೋವಿನ ಮಾತ್ರೆ ಬಿಟ್ಟರೆ ವ್ಯಾಯಾಮ ಮಾಡೋಕಾಗಲ್ಲ. ವ್ಯಾಯಾಮ ಇಲ್ಲದಿದ್ದರೆ ಮಂಡಿ ಬಿಗಿದುಕೊಳ್ಳುತ್ತೆ. ಹೀಗೆ ಹೇಳಿದವರು ಊಟಕ್ಕೆ ಮನೆಗೆ ಹೋಗ್ತಾರೆ. ಬಿದ್ದರೆ ಬೀಳೋದು ಆ ತಾಯಿ.

ಎರಡನೆಯದು ಮರುಕ. ಅಮ್ಮ ನರಳ್ತಾರೆ, ನೋಡೋಕಾಗಲ್ಲ. ಮೆತ್ತನೆ ದಿಂಬು ತಂದು ಮಂಡಿಯ ಕೆಳಗೆ ಇಡ್ತೀವಿ. ಅವರಿಗೆ ಎಷ್ಟು ಹಾಯ್ ಅನಿಸುತ್ತೆ! ಆದರೆ ಫಿಸಿಯೋಥೆರಪಿಯವರು ಬಂದ ಕೂಡಲೇ ಆ ದಿಂಬನ್ನು ತೆಗೀತಾರೆ. ಯಾಕಂದ್ರೆ ಮಂಡಿ ಮಡಚಿದ ಹಾಗೇ ಇದ್ದರೆ ಮುಂದೆ ಪೂರ್ತಿ ನೇರ ಆಗೋದು ಕಷ್ಟ. ಕಾಲು ಎತ್ತರಿಸಬೇಕಾದರೆ ಹಿಮ್ಮಡಿಯ ಕಡೆ ಆಸರೆ ಕೊಡಬೇಕು, ಮಂಡಿ ನೇರ ಇರಬೇಕು. "ಇವತ್ತು ವ್ಯಾಯಾಮ ಬೇಡ ಬಿಡಮ್ಮ, ಸುಸ್ತಾಗಿದೀಯ" ಅನ್ನೋ ಮಾತೂ ದಿನಾ ಬಂದರೆ ಆ ದಿಂಬಿನ ಹಾಗೇ.

ಒಬ್ಬರು ತಳ್ತಾರೆ, ಇನ್ನೊಬ್ಬರು ತಡೀತಾರೆ. ಆದರೂ ಇಬ್ಬರಿಗೂ ಒಂದು ವಿಷಯ ಸಮಾನ. ಮಗನಿಗೆ ಆಫೀಸಿಗೆ ಹೋಗಬೇಕು, ಸಭೆಗೆ ಸಾಕ್ಷಿ ಬೇಕು, ಮಗಳಿಗೆ ನರಳಾಟ ಕೇಳೋಕಾಗಲ್ಲ. ಅಮ್ಮನ ಮಂಡಿಗಿಂತ ಹೆಚ್ಚಾಗಿ ನಮ್ಮ ಮನಸ್ಸಿನ ಕಸಿವಿಸಿಗೆ ಔಷಧಿ ಹುಡುಕ್ತಾ ಇರ್ತೀವಿ. ಹಾಗಾಗಿ ಬಾಯಿ ತೆರೆಯೋ ಮುಂಚೆ ಕೇಳಿಕೊಳ್ಳಿ: ಈ ಮಾತಿನಿಂದ ಹಗುರ ಆಗೋದು ಯಾರಿಗೆ?

ಈಗ ಮಾರ್ಕನ ಸುವಾರ್ತೆಗೆ ಬನ್ನಿ. ಬೇತ್ಸಾಯಿದದಲ್ಲಿ ಒಬ್ಬ ಕುರುಡನನ್ನು ಕರೆತರ್ತಾರೆ. ಯೇಸು ಅವನ ಕೈ ಹಿಡಿದು ಊರ ಹೊರಗೆ ಕರೆದುಕೊಂಡು ಹೋಗ್ತಾನೆ. ಅವನನ್ನು ಮುಟ್ಟಿದ ಮೇಲೆ ಏನಾದರೂ ಕಾಣುತ್ತಾ ಅಂತ ಕೇಳ್ತಾನೆ. ಗಮನಿಸಿ, ಕೇಳ್ತಾನೆ. ಆ ಮನುಷ್ಯ ಸುಳ್ಳು ಹೇಳಲ್ಲ. ಜನ ಓಡಾಡೋದು ಕಾಣುತ್ತೆ, ಆದರೆ ಮರಗಳೇನೋ ಅನ್ನುವಷ್ಟು ಮಸುಕು ಅಂತಾನೆ. ನಮ್ಮಲ್ಲಿ ಕೆಲವರಾದರೆ ಅಲ್ಲೇ ಗದರಿಸ್ತಿದ್ದೆವು: "ಪೂರ್ತಿ ಕಾಣುತ್ತೆ ಅಂತ ಹೇಳು, ಇಲ್ಲಾಂದ್ರೆ ನಿನಗೆ ವಿಶ್ವಾಸ ಇಲ್ಲ." ಇನ್ನು ಕೆಲವರು, "ಇಷ್ಟಾದರೂ ಕಂಡಿತಲ್ಲ, ಸಾಕು ಬಿಡು" ಅಂತಿದ್ದೆವು. ಕರ್ತನು ಎರಡನ್ನೂ ಹೇಳಲಿಲ್ಲ. ಅರ್ಧ ಗುಣವಾದವನ ಮುಂದೆ ನಿಂತು, ಮತ್ತೆ ಅವನ ಮೇಲೆ ಕೈ ಇಟ್ಟ.

ಹಾಗಾದರೆ ನಾವು ಏನು ಮಾಡಬೇಕು? ಅರ್ಧ ಉತ್ತರ ಕೊಡೋಕೂ ಜಾಗ ಇರೋ ಹಾಗೆ ಕೇಳಬೇಕು. "ಪೂರ್ತಿ ಗುಣ ಆಯ್ತಾ?" ಅಂದರೆ ಪಾಪ, ಅವರು "ಹೂಂ, ಸ್ತೋತ್ರ" ಅಂದು ಸುಮ್ಮನಾಗ್ತಾರೆ. "ಇವತ್ತು ಯಾವುದು ಕಷ್ಟ ಆಯ್ತು ಆಂಟಿ?" ಅಂತ ಕೇಳಿ, ನಿಜ ಹೊರಗೆ ಬರುತ್ತೆ. ಆ ನಿಜದಿಂದ ಜೀವ ಉಳಿಯಬಹುದು. ಮೀನಖಂಡದಲ್ಲಿ ಹೊಸದಾಗಿ ನೋವು, ಊತ ಬಂದರೆ ರಕ್ತ ಹೆಪ್ಪುಗಟ್ಟಿರಬಹುದು. ಜ್ವರ ಬಂದರೆ, ಗಾಯದಿಂದ ಕೀವು ಬಂದರೆ ಸೋಂಕಿರಬಹುದು. ಆಗ ತಡಮಾಡದೆ ಡಾಕ್ಟರ್‌ಗೆ ಹೇಳಬೇಕು. ಎದೆನೋವು, ಉಸಿರಾಟದ ತೊಂದರೆ ಬಂದರಂತೂ ನೇರ ಎಮರ್ಜೆನ್ಸಿಗೆ. ಸಾಕ್ಷಿ ಕೆಡುತ್ತೆ ಅಂತ ಇವನ್ನು ಬಚ್ಚಿಡೋ ಹಾಗೆ ಮಾಡಿದರೆ ಆ ಸಭೆಯಲ್ಲಿ ಏನೋ ಕೆಟ್ಟಿದೆ.

ಇನ್ನೊಂದು ಮಾತು. ಗುಣ ಆಯ್ತು ಅಂದ್ರೆ ಎಲ್ಲ ಮೊದಲಿನ ಹಾಗೆ ಆಯ್ತು ಅಂತ ಅಲ್ಲ. ಹೊಸ ಮಂಡಿ ಬಂದ ಎಷ್ಟೋ ಜನ ಆರಾಮಾಗಿ ನಡೀತಾರೆ, ಆದರೆ ಮಂಡಿಯೂರೋದು, ನೆಲದ ಮೇಲೆ ಕೂರೋದು ಅವರಿಗೆ ಕಷ್ಟವಾಗೇ ಉಳಿಯಬಹುದು. ನಲವತ್ತು ವರ್ಷ ಮಂಡಿಯೂರಿ ಪ್ರಾರ್ಥಿಸಿದ ತಾಯಿಗೆ ಅದು ಸಣ್ಣ ನಷ್ಟ ಅಲ್ಲ. ಎಲ್ಲರೂ ಮಂಡಿಯೂರಿ ಅಂತ ನಾವು ಕರೆಯೋ ಮುಂಚೆಯೇ, ಅವರು ಕೇಳದೆ ಅವರ ಹತ್ತಿರ ಒಂದು ಕುರ್ಚಿ ಇರಲಿ. ಕುರ್ಚಿಯ ಮೇಲೆ ಕೂತವರ ಪ್ರಾರ್ಥನೆಯೂ ದೇವರಿಗೆ ಕೇಳಿಸುತ್ತೆ.

ಈ ವಾರ ಒಂದು ಕೆಲಸ ಮಾಡಿ. ಅಂಥವರೊಬ್ಬರ ಮನೆಗೆ ಅವರನ್ನು ಕೇಳಿಕೊಂಡು ಹೋಗಿ. ಸಲಹೆ ಬೇಡ, ಹೋಲಿಕೆ ಬೇಡ. ಫೋನ್ ಜೇಬಲ್ಲಿರಲಿ. ಅವರು ಹಾಸಿಗೆಯ ಮೇಲೆ ಹಿಮ್ಮಡಿ ಎಳೆದುಕೊಂಡು ಮಂಡಿ ಮಡಚುವಾಗ ಪಕ್ಕದಲ್ಲಿ ಕೂತು ಎಣಿಸಿ. ಒಂದು, ಎರಡು, ಮೂರು. ಆರಕ್ಕೆ ನಿಲ್ಲಿಸಿದರೆ ಆರು. ಫಿಸಿಯೋ ಹತ್ತು ಹೇಳಿದ್ದರೆ, ಸ್ವಲ್ಪ ಸುಧಾರಿಸಿಕೊಂಡು ಉಳಿದ ನಾಲ್ಕು ಮಾಡೋಣ್ವಾ ಅಂತ ಕೇಳಿ. ಅವರು ಹೂಂ ಅನ್ನೋವರೆಗೆ ಕಾಯಿರಿ.

ಪ್ರಾರ್ಥನೆ ಮಾಡೋಣ. ಎದ್ದು ನಿಲ್ಲೋಕೆ ಆಗೋರು ನಿಲ್ಲಿ, ಆಗದವರು ಕೂತಿರಿ.