ಒಬ್ಬರ ಭಿನ್ನ ದನಿ

ನಮ್ಮ ನಂಬಿಕೆ ನಮ್ಮದೇ ಎಂದು ಎದೆ ತಟ್ಟಿ ಹೇಳುವ ಹಕ್ಕು ನಮಗೆಷ್ಟಿದೆ? ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ 1951ರಲ್ಲಿ ಪ್ರಕಟಿಸಿದ ಪ್ರಯೋಗ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದಂತೆ ಎದುರಿಗಿಟ್ಟಿತು. ಕೊಟ್ಟ ಗೆರೆಗೆ ಸಮನಾದ ಇನ್ನೊಂದು ಗೆರೆಯನ್ನು ಗುರುತಿಸಬೇಕು, ಅಷ್ಟೇ. ಆದರೆ ಗುಂಪಿನಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಮಾತಾಡಿಕೊಂಡಂತೆ ತಪ್ಪು ಉತ್ತರ ಹೇಳುತ್ತಿದ್ದರು. ಯಾರೂ ಗದರಲಿಲ್ಲ, ಆಮಿಷ ಒಡ್ಡಲಿಲ್ಲ. ಆದರೂ ಅಂಥ ಸಂದರ್ಭಗಳಲ್ಲಿ ಹಾಗೆ ಒಂಟಿಯಾದವರ ಸುಮಾರು ಮೂರನೇ ಒಂದು ಪಾಲು ಉತ್ತರಗಳು ಗುಂಪಿನ ಕಡೆಗೇ ವಾಲಿದವು. ಗುಂಪಿನಲ್ಲಿ ಇನ್ನೊಬ್ಬರು ಸರಿ ಉತ್ತರ ಹೇಳಿದೊಡನೆ ಈ ಮಣಿಯುವಿಕೆ ಬಹುಪಾಲು ಕರಗಿಹೋಯಿತು.

ಪ್ರಯೋಗಶಾಲೆಯ ಹೊರಗೂ ಹೀಗೇ ಆಗುತ್ತದೆ: 1995ರ ಸೆಪ್ಟೆಂಬರ್ 21ರಂದು ಗಣೇಶ ಹಾಲು ಕುಡಿಯುತ್ತಾನೆಂಬ ಸುದ್ದಿ ಒಂದೇ ದಿನದಲ್ಲಿ ದೇಶವನ್ನೆಲ್ಲ ದೇವಸ್ಥಾನಗಳ ಮುಂದೆ ನಿಲ್ಲಿಸಿತು. ವಿಜ್ಞಾನಿಗಳು ಬಣ್ಣ ಬೆರೆಸಿದ ಹಾಲನ್ನು ಹಿಡಿದಾಗ ಅದು ಚಮಚದಿಂದ ವಿಗ್ರಹದ ಮೈಮೇಲೆ ತೆಳುವಾಗಿ ಇಳಿಯುವುದು ಕಂಡಿತು. ಮೇಲ್ಮೈ ಎಳೆತದ ಕೆಲಸವದು. ಸಾಲಿನಲ್ಲಿ ನಿಂತವರನ್ನು ಮೂಢರೆಂದು ಹಳಿಯಲು ನನಗೆ ಮನಸ್ಸಿಲ್ಲ. ಮುಂದಿನವರೆಲ್ಲ ಕಂಡೆವೆನ್ನುವಾಗ ತನಗೆ ಕಾಣಲಿಲ್ಲವೆಂದರೆ ತನ್ನ ಭಕ್ತಿಯೇ ಕಡಿಮೆಯಾಯಿತೆಂಬ ಅಳುಕು ಯಾರನ್ನೂ ಬಿಡುವುದಿಲ್ಲ. ಸಂದೇಹವನ್ನು ಸಂದೇಹಪಟ್ಟವರ ದೋಷವಾಗಿ ತಿರುಗಿಸುವುದೇ ಪ್ರಭಾವದ ಅತ್ಯಂತ ಬಲವಾದ ಹಿಡಿತ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದ್ದು ದೊಡ್ಡ ಕೆಲಸವೆನ್ನುವುದು ಇದಕ್ಕಾಗಿಯೇ: ಕೇಳಲು ಹಿಂಜರಿಯುತ್ತಿದ್ದವರಿಗೆ ಅದು ಜೊತೆ ಕೊಟ್ಟಿತು.

ಧರ್ಮ ಬರುವುದೇ ಹಿರಿಯರಿಂದ, ಪ್ರಭಾವವನ್ನು ಕಳೆದರೆ ಅದರಲ್ಲಿ ಉಳಿಯುವುದೇನು ಎಂದು ಕೇಳುವವರಿದ್ದಾರೆ. ಅವರ ಮಾತು ನಿಜ. ಪ್ರಭಾವವಿಲ್ಲದ ಮನಸ್ಸು ಎಲ್ಲಿಯೂ ಇಲ್ಲ. ಆದರೆ ಬುದ್ಧ ಕಾಲಾಮರೆಂಬ ಜನರಿಗೆ ಪರಂಪರೆಯೆಂದೋ ಗುರುವಿನ ಮಾತೆಂದೋ ಒಪ್ಪಿಬಿಡಬೇಡಿ, ಅರಿತು ನೋಡಿ ಎಂದಾಗ ಬೋಧನೆಯನ್ನು ನಿಲ್ಲಿಸಲಿಲ್ಲ, ಪರೀಕ್ಷೆಗೆ ಬಾಗಿಲು ತೆರೆದಿಟ್ಟ. ಭಿನ್ನಮತೀಯರ ಮಾತು ಕೇಳುವುದೂ ಇನ್ನೊಂದು ಪ್ರಭಾವವಷ್ಟೇ ಎಂಬ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಅದಕ್ಕೂ ಆಶ್ ಪ್ರಯೋಗದಲ್ಲೇ ಉತ್ತರವಿದೆ. ಗುಂಪನ್ನು ಒಪ್ಪದ ಆ ಇನ್ನೊಬ್ಬರು ಬೇರೊಂದು ತಪ್ಪು ಉತ್ತರವನ್ನೇ ಹೇಳಿದಾಗಲೂ ಮಣಿಯುವಿಕೆ ಕಡಿಮೆಯಾಯಿತು. ಅವರು ತಮ್ಮ ಅಭಿಪ್ರಾಯವನ್ನು ಹೇರಲಿಲ್ಲ. ಪಕ್ಕದವರಿಗೆ ತಮ್ಮ ಕಣ್ಣನ್ನೇ ನಂಬುವ ಧೈರ್ಯ ಕೊಟ್ಟರು. ಆದ್ದರಿಂದ ಮಠ, ಸತ್ಸಂಗ, ಸಂಘಟನೆ ನಡೆಸುವವರಲ್ಲಿ ನನ್ನ ಬಿನ್ನಹವಿಷ್ಟೇ: ತನಗೆ ಹಾಗೆ ಕಾಣಲಿಲ್ಲ ಎಂದವರನ್ನು ಮರುದಿನವೂ ಅದೇ ಪಂಕ್ತಿಯಲ್ಲಿ ಕೂರಿಸಿಕೊಳ್ಳಿ.