ಇಂದಿನ ಧಮ್ಮ ಚಿಂತನೆ: ಎಲ್ಲರೆದುರು ಕೇಳಿದ ಪ್ರಶ್ನೆ



ಕಳೆದ ಭಾನುವಾರ ಮಕ್ಕಳ ಧಮ್ಮ ತರಗತಿಯಲ್ಲಿ ಹೂದಾನಿ ಒಡೆಯಿತು. ಬೀಳಿಸಿದವನನ್ನು ನಾನೇ ಕಂಡಿದ್ದೆ. ಆದರೂ ಉಳಿದವರಿಗೂ ಪಾಠವಾಗಲೆಂದು "ಯಾರು ಒಡೆದದ್ದು?" ಎಂದು ಎಲ್ಲರೆದುರು ಗದರಿದೆ. ಹುಡುಗ ಹೆದರಿ ಪಕ್ಕದವನತ್ತ ಕೈತೋರಿಸಿದ. ಆ ಸುಳ್ಳಿನಲ್ಲಿ ನನಗೂ ಪಾಲಿಲ್ಲವೇ?

ಸುಳ್ಳಿನ ಕುರಿತು ಬುದ್ಧರು ಮಗ ರಾಹುಲನಿಗೆ ತಿಳಿಹೇಳಿದ್ದು ಮಜ್ಝಿಮ ನಿಕಾಯದ 61ನೇ ಸುತ್ತದಲ್ಲಿದೆ. ಬುದ್ಧರೇ ಅವನಿದ್ದಲ್ಲಿಗೆ ಹೋಗುತ್ತಾರೆ. ಕಾಲು ತೊಳೆದ ಪಾತ್ರೆಯಲ್ಲಿ ಉಳಿದ ತುಸು ನೀರು ತೋರಿಸಿ ಮಾತಾಡುತ್ತಾರೆ. ನೋಡಿ ನಗುವವರು ಅಲ್ಲಿಲ್ಲ. ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ, ಇದರಿಂದ ತನಗೆ, ಪರರಿಗೆ ನೋವುಂಟೇ ಎಂದು ನೋಡಿಕೊಳ್ಳಲು ಹೇಳುತ್ತಾರೆ.

ನನ್ನ ಪ್ರಶ್ನೆಯನ್ನೇ ಹಾಗೆ ನೋಡಿಕೊಂಡೆ: ಇಬ್ಬರು ಮಕ್ಕಳಿಗೆ ನೋವಾಗಿತ್ತು. ಈ ಭಾನುವಾರ, ಪಕ್ಕದವನು ತಪ್ಪು ಮಾಡಿಲ್ಲವೆಂದು ಎಲ್ಲರೆದುರೇ ಹೇಳುವೆ. ಒಡೆದವನ ಜೊತೆ ಮಾತ್ರ ಬೇರೆಯಾಗಿ ಕೂತು ಮಾತಾಡುವೆ.

ಭವತು ಸಬ್ಬ ಮಂಗಲಂ.